ಅಪ್ಪಂಗೆ ಈಜು ಬರತ್ತೆ

ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ, ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ಕೂತಿದ್ದ ಶ್ರೀರಾಮನಿಗೆ ಗ್ರಹಚಾರ ಬಂದದ್ದು ಮಗಳ ತೋರುಬೆರಳಿನ ತುದಿಯಿಂದ. ಆ ಬೆರಳು ಅಮ್ಮನ ಫೋನಿನಲ್ಲಿದ್ದ ಒಂದು ಚಿಕ್ಕ ಚೌಕವನ್ನು ಒತ್ತಿತು. ಚೌಕದೊಳಗೆ ಹಸಿರು ಟಿಕ್ ಮೂಡಿತು. ಅಷ್ಟೇ ನಡೆದದ್ದು.

ಮಾರನೇ ದಿನ ಬೆಳಿಗ್ಗೆ ಅವನ ನಾಲ್ವರ ಸಂಸಾರ ಐರ್ಲೆಂಡಿನ ಕಾರ್ಕ್‌ನಿಂದ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೊರಡುವುದಿತ್ತು. ಮೆಡಿಟರೇನಿಯನ್ ಸಮುದ್ರದ ದಡದಲ್ಲೇ ರೆಸಾರ್ಟು, ಏಳು ದಿನ, ಊಟ, ತಿಂಡಿ, ಆಟ ಎಲ್ಲ ಅಲ್ಲೇ. ನಾಲ್ವರದೂ ಇನ್ನೂ ಭಾರತದ ಪಾಸ್‌ಪೋರ್ಟೇ. ಶ್ರೀರಾಮ ಮತ್ತು ವಸುಂಧರಾ ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾಕ್ಕಾಗಿ ಮಕ್ಕಳನ್ನೂ ಕಟ್ಟಿಕೊಂಡು ಡಬ್ಲಿನ್‌ಗೆ ಮೂರು ಸಲ ಅಲೆದು, ಹತ್ತೂ ಬೆರಳಿನ ಅಚ್ಚು ಒತ್ತಿ, ತಾವು ಮಯೋರ್ಕಾದಲ್ಲೇ ಉಳಿದುಬಿಡುವ ಜನ ಅಲ್ಲವೆಂದು ಬರೆದುಕೊಟ್ಟು ಬಂದಿದ್ದರು. ವೀಸಾ ಬಂದ ದಿನ ಮನೆಯಲ್ಲಿ ಹೋಳಿಗೆ ಆಗಿತ್ತು.

ಈಗ ಕೊನೆಯ ಕೆಲಸ ಬಾಕಿ. ಅಲ್ಲಿ ಹೋಗಿ ಏನೇನು ಮಾಡುತ್ತೀರೆಂದು ರೆಸಾರ್ಟಿನವರಿಗೆ ಮೊದಲೇ ತಿಳಿಸಬೇಕಂತೆ. ವಸುಂಧರಾ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಓದುತ್ತಿದ್ದಳು.

"ಬೆಳಿಗ್ಗೆ ಸಮುದ್ರದ ಪಕ್ಕ ಯೋಗ. ಹೇಳ್ಕೊಡೋನು ಪಾಬ್ಲೋ ಅಂತ. ನಾನು ಇದಕ್ಕೆ."

"ಮೈಸೂರಿನವಳು ಸ್ಪೇನ್‌ನವನ ಹತ್ರ ಯೋಗ ಕಲೀತೀಯಾ?" ಎಂದ ಶ್ರೀರಾಮ.

"ನೀವು ಹೇಳ್ಕೊಡ್ತೀರೇನು?"

ಶ್ರೀರಾಮ ಬ್ರೆಡ್ಡಿನ ಕಡೆ ಗಮನ ಕೊಟ್ಟ.

ಹದಿಮೂರರ ಮಗ ರೋಹನ್ ವೈಫೈ ಎಲ್ಲಿ ಚೆನ್ನಾಗಿ ಸಿಗುತ್ತದೋ ಅಲ್ಲಿ ಏಳು ದಿನ ಕೂರುವುದಾಗಿ ಹೇಳಿ ಮೇಲೆ ಹೋದ. ಪಟ್ಟಿ ಮುಂದುವರಿಯಿತು: ಗಾಜಿನ ತಳದ ದೋಣಿ, ಬಾಳೆಹಣ್ಣಿನಾಕಾರದ ದೋಣಿ, ಮಣ್ಣಿನ ಕುಡಿಕೆ ಮಾಡುವುದು, ಆಲಿವ್ ತೋಟಕ್ಕೆ ಸೈಕಲ್ಲು.

"ಛತ್ರಿ ಕೆಳಗೆ ಸುಮ್ನೆ ಬಿದ್ಕೊಳೋದು ಅಂತ ಏನಾದ್ರೂ ಇದೆಯಾ ನೋಡು," ಎಂದ ಶ್ರೀರಾಮ.

ಆಗಲೇ ಒಂಬತ್ತು ವರ್ಷದ ತನ್ವಿ ಫೋನ್ ಕಿತ್ತುಕೊಂಡು ಆ ಟಿಕ್ ಒತ್ತಿದ್ದು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಅಪ್ಪಟ ಕಾರ್ಕ್ ರಾಗದ ಇಂಗ್ಲಿಷಿನಲ್ಲಿ, ಅವಸರವಾದಾಗ ಎರಡೂ ಕಲೆಸಿ.

"ಡನ್! ಅಪ್ಪ–ಮಗು ಈಜು ಸ್ಪರ್ಧೆ. ಭಾನುವಾರ ಹನ್ನೊಂದು ಗಂಟೆ. ಅಪ್ಪ ಅಂಡ್ ಮಿ! ನಾವೇ ಗೆಲ್ಲೋದು. ಬೇರೆ ಅಪ್ಪಂದಿರು ಯಾರೂ ಕಾವೇರಿ ನದಿ ದಾಟಿಲ್ಲ!"

ಬೆಣ್ಣೆ ಸವರಿದ ಕಡೆ ಕೆಳಗಾಗಿ ಬ್ರೆಡ್ಡು ಶ್ರೀರಾಮನ ಆಫೀಸ್ ಪ್ಯಾಂಟಿನ ಮೇಲೆ ಬಿತ್ತು.

ಶ್ರೀರಾಮನಿಗೆ ಈಜು ಬರುತ್ತಿರಲಿಲ್ಲ. ಅಲ್ಪ ಸ್ವಲ್ಪ ಅಂತೇನೂ ಅಲ್ಲ, ಶುದ್ಧವಾಗಿ ಬರುತ್ತಿರಲಿಲ್ಲ. ಹದಿನೈದು ವರ್ಷದ ಹಿಂದೆ ಹೆಣ್ಣು ನೋಡಲು ಹೋದಾಗ ವಸುಂಧರಾ "ನಿಮ್ಮ ಹವ್ಯಾಸ ಏನು?" ಎಂದು ಕೇಳಿದ್ದಳು. ಓದು, ಕ್ರಿಕೆಟ್ಟು ಎಂದೆಲ್ಲ ಹೇಳಿದ ನಾಲ್ಕು ಹುಡುಗರನ್ನು ಅವಳು ಅದಾಗಲೇ ಬೇಡವೆಂದಿದ್ದಾಳೆಂದು ಮಧ್ಯಸ್ಥರು ಕಿವಿಯಲ್ಲಿ ಊದಿದ್ದರು. ಬಾಯಲ್ಲಿ ಕೇಸರಿಬಾತ್ ಇಟ್ಟುಕೊಂಡು ಶ್ರೀರಾಮ "ಈಜು" ಎಂದುಬಿಟ್ಟ. ಎಲ್ಲಿ ಎಂದಳು. "ಕಾವೇರೀಲಿ. ಆ ದಡದಿಂದ ಈ ದಡಕ್ಕೆ," ಎಂದ. ಅವಳ ಕಣ್ಣು ಅರಳಿತು. ಮದುವೆಯಾಯಿತು. ಸುಳ್ಳು ಸಂಸಾರದ ಜೊತೆಗೇ ಬೆಳೆಯಿತು. ತನ್ವಿಗೆ ಕತೆ ಹೇಳಿ ಊಟ ಮಾಡಿಸುವ ಹೊತ್ತಿಗೆ ಅದರೊಳಗೆ ಒಂದು ಸುಳಿಯೂ ಎರಡು ಮೊಸಳೆಯೂ ಸೇರಿದ್ದವು.

ಐರ್ಲೆಂಡಿಗೆ ಬಂದ ಮೇಲಂತೂ ಅವನು ನಿಶ್ಚಿಂತನಾಗಿದ್ದ. ಇಲ್ಲಿನ ಸಮುದ್ರಕ್ಕೆ ಕಾಲಿಟ್ಟರೆ ಮೊಣಕಾಲಿನವರೆಗೆ ಜೀವ ಹೋಗುತ್ತದೆ. "ಈ ಐಸ್ ನೀರಿಗೆ ಯಾರಿಳೀತಾರೆ? ನಮ್ಮ ಕಾವೇರಿ ಹದವಾಗಿತ್ತಪ್ಪ," ಎಂದು ಪ್ರತಿ ಬೇಸಿಗೆಯಲ್ಲೂ ಟವೆಲ್ ಹೊದ್ದು ದಡದಲ್ಲಿ ಕೂತು ಒಂಬತ್ತು ವರ್ಷ ದೂಡಿದ್ದ. ಮೆಡಿಟರೇನಿಯನ್ ನೀರು ಬೆಚ್ಚಗಿರುತ್ತದೆನ್ನುವ ಸಂಗತಿ ರೆಸಾರ್ಟಿಗೆ ದುಡ್ಡು ಕಟ್ಟುವಾಗ ಅವನಿಗೆ ಹೊಳೆದಿರಲಿಲ್ಲ.

"ರೀ, ಮುಖ ಯಾಕೆ ಹಂಗಾಯ್ತು?" ಎಂದಳು ವಸುಂಧರಾ.

"ಖುಷಿಗೆ," ಎಂದ ಶ್ರೀರಾಮ.

*

ಊರಾಚೆ ಲಿಟಲ್ ಐಲ್ಯಾಂಡ್ ಎಂಬಲ್ಲಿನ ಔಷಧ ಕಂಪನಿಯೊಂದರಲ್ಲಿ ಶ್ರೀರಾಮನಿಗೆ ಕಂಪ್ಯೂಟರ್ ಕೆಲಸ. ಅಲ್ಲಿ ಅವನ ಪಕ್ಕದ ಮೇಜಿನವನು ಹರಿಹರದ ಭೀಮಪ್ಪ. ಯಾವ ವಿಷಯ ಹೇಳಿದರೂ "ಅದೇನ್ ಮಹಾ" ಎಂದು ಶುರು ಮಾಡುವ ಮನುಷ್ಯ. ಬೇರೆ ದಾರಿ ಕಾಣದೆ ಶ್ರೀರಾಮ ಕಾಫಿ ಮಿಷನ್ನಿನ ಹತ್ತಿರ ಅವನ ಕಿವಿಗೆ ಗುಟ್ಟು ಹೇಳಿದ.

"ಅದೇನ್ ಮಹಾ!" ಎಂದ ಭೀಮಪ್ಪ. "ನಾನು ಏಳನೇ ವಯಸ್ಸಿಗೇ ಬಾವೀಲಿ ಕಲ್ತೋನು. ಈಜು ಅಂದ್ರೆ ಕೈ, ಕಾಲು, ಉಸಿರು. ಮೂರೇ ಐತೆ. ಊಟದ ಟೈಮಲ್ಲಿ ಮೀಟಿಂಗ್ ರೂಮಿಗೆ ಬಾ."

"ನೀರು ಬೇಡ್ವಾ?"

"ನೀರು ಆಮೇಲೆ. ಮೊದ್ಲು ಮೈಗೆ ಬರ್ಬೇಕು."

ಊಟದ ಸಮಯಕ್ಕೆ ಭೀಮಪ್ಪ ಮೀಟಿಂಗ್ ರೂಮಿನ ಬಾಗಿಲು ಹಾಕಿ, ಗಾಲಿ ಕುರ್ಚಿಯೊಂದರ ಬೆನ್ನಿನ ಭಾಗ ಕಳಚಿ, ಶ್ರೀರಾಮನನ್ನು ಅದರ ಮೇಲೆ ಬೋರಲು ಮಲಗಿಸಿದ. ಹೊಟ್ಟೆ ಕುರ್ಚಿಯ ಮೇಲೆ, ಕೈಕಾಲು ಗಾಳಿಯಲ್ಲಿ. ತಕ್ಕಡಿಯಲ್ಲಿಟ್ಟ ಆಮೆಯ ಹಾಗೆ ಕಾಣುತ್ತಿದ್ದ ಶ್ರೀರಾಮ.

"ಕೈ ಮುಂದಕ್ಕೆ! ಕಾಲು ಬಡಿ! ಉಸಿರು ಬಿಡು! ಬಡಿ, ಬಡಿ, ಬಡಿ! ಹಂಗೆ! ಈಗ ನೀರು ನಿನ್ನ ತಳ್ತೈತೆ ನೋಡು," ಎಂದು ನೀರಿನ ಪಾತ್ರವನ್ನು ತಾನೇ ವಹಿಸಿಕೊಂಡು ಭೀಮಪ್ಪ ಹಿಂದಿನಿಂದ ಒಂದು ನೂಕು ನೂಕಿದ.

ಆ ಕೋಣೆಯ ನೆಲ ಬಹಳ ನುಣುಪು. ಎರಡೂ ಕೈ ಚಾಚಿದ ಶ್ರೀರಾಮ ಉದ್ದಕ್ಕೆ ಹೋದ. ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಬಾಗಿಲಲ್ಲಿ ಮ್ಯಾನೇಜರ್ ನಿಯಾವ್ ನಿಂತಿದ್ದಳು. ಶ್ರೀರಾಮ ಅವಳ ಪಕ್ಕದಿಂದ ಹಾದು, ಕಾರಿಡಾರಿಗೆ ಇಳಿದು, ಫೋಟೋಕಾಪಿ ಮಿಷನ್ನಿಗೆ ತಲೆ ಕುಟ್ಟಿ ನಿಂತ.

"ಶ್ರೀ, ಏನಿದು? ಹುಷಾರಾಗಿದ್ದೀಯಾ?" ಎಂದಳು ನಿಯಾವ್ ಇಂಗ್ಲಿಷಿನಲ್ಲಿ.

"ಬೆನ್ನು ನೋವು!" ಎಂದು ಒಳಗಿನಿಂದ ಭೀಮಪ್ಪ ಕೂಗಿದ. "ನಮ್ಮ ಕಡೆ ವ್ಯಾಯಾಮ ಇದು!"

ಆ ಕಂಪನಿಯಲ್ಲಿ ಪೆನ್ನು ಬಿದ್ದರೂ ನಾಲ್ಕು ಪುಟದ ವರದಿ ಬರೆಯುತ್ತಾರೆ. ಹಾಗಿರುವಾಗ ಒಬ್ಬ ಮನುಷ್ಯನೇ ಉರುಳಿಕೊಂಡು ಹೋದರೆ ಕೇಳಬೇಕೆ? ಶ್ರೀರಾಮನನ್ನು ನಡೆಯಲೂ ಬಿಡದೆ, ಅದೇ ಕುರ್ಚಿಯ ಮೇಲೆ ಕೂರಿಸಿಕೊಂಡು ನರ್ಸಿನ ಕೋಣೆಗೆ ತಳ್ಳಿದರು. ದಾರಿಯುದ್ದಕ್ಕೂ ಜನ ಎದ್ದು ನಿಂತು ನೋಡಿದರು. ನರ್ಸು ಅವನ ಬೆನ್ನು ಒತ್ತಿ ನೋಡಿ, ಸೊಂಟಕ್ಕೆ ಬಿಸಿ ಚೀಲ ಕಟ್ಟಿ, ಇವತ್ತು ಇನ್ನು ಕೆಲಸ ಬೇಡ, ಮನೆಗೆ ಹೋಗು ಎಂದಳು. ಹೊರಡುವಾಗ ಒಂದು ಮಾತು ಸೇರಿಸಿದಳು:

"ಬೆನ್ನಿಗೆ ಈಜಿನಷ್ಟು ಒಳ್ಳೇದು ಬೇರೆ ಇಲ್ಲ. ನಿಮಗೆ ಈಜು ಬರುತ್ತೆ ತಾನೇ?"

ಹದಿನೈದು ವರ್ಷದ ಅಭ್ಯಾಸ. ಶ್ರೀರಾಮನ ತಲೆ ತಾನಾಗಿ ಹೌದೆಂದು ಆಡಿತು.

*

ಕಾರಿನಲ್ಲಿ ಕೂತು ಶ್ರೀರಾಮ ಯೋಚಿಸಿದ. ಗಂಟೆ ಎರಡು. ಮನೆಯಲ್ಲಿ ಯಾರೂ ಅವನನ್ನು ಐದಕ್ಕೆ ಮುಂಚೆ ಕಾಯುವುದಿಲ್ಲ. ಮನೆಯ ದಾರಿಯಲ್ಲೇ ಒಂದು ಈಜುಕೊಳವಿದೆ. ಒಂಬತ್ತು ವರ್ಷದಿಂದ ಅದರ ಮುಂದೆ ಹಾದು ಹೋಗುವಾಗಲೆಲ್ಲ ಅವನು ಮುಖವನ್ನು ಆಚೆ ಕಡೆ ತಿರುಗಿಸಿಕೊಂಡಿದ್ದ. ಸ್ಪರ್ಧೆ ಇರುವುದು ರೆಸಾರ್ಟಿನ ಕೊಳದ ಒಂದು ಉದ್ದ ಮಾತ್ರ. ಮೂರು ಗಂಟೆ ಕಾಲಾವಕಾಶವಿದೆ. ಮನುಷ್ಯ ಮನಸ್ಸು ಮಾಡಿದರೆ ಆಗದ್ದೇನಿದೆ ಎಂದುಕೊಂಡು ಕಾರು ತಿರುಗಿಸಿದ.

ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ಹೇಳಿದಳು, ಎರಡೂವರೆಗೆ ಅರವತ್ತು ದಾಟಿದವರ ನೀರಿನ ವ್ಯಾಯಾಮ ಇದೆ, ಆದರೆ ಪಕ್ಕದ ಒಂದು ಸಾಲು ಖಾಲಿ. "ಯು'ಲ್ ಬಿ ಗ್ರ್ಯಾಂಡ್," ಅಂದರೆ ಏನೂ ತೊಂದರೆಯಿಲ್ಲ ಎಂದಳು.

ಈ ದೇಶದಲ್ಲಿ ಮಗು ಹುಟ್ಟಿದರೂ ಗ್ರ್ಯಾಂಡ್, ಕಾರು ಕೆಟ್ಟು ನಿಂತರೂ ಗ್ರ್ಯಾಂಡ್. ಶ್ರೀರಾಮನಿಗೆ ಆ ಮಾತಿನಿಂದ ಧೈರ್ಯವೇನೂ ಬರಲಿಲ್ಲ.

ಈಜುವ ಚಡ್ಡಿ ಅವನ ಹತ್ತಿರ ಇರಲಿಲ್ಲ. ಅಲ್ಲೇ ಮಾರುತ್ತಿದ್ದವುಗಳಲ್ಲಿ ಉಳಿದದ್ದು ಒಂದೇ: ಗಿಳಿಗಳ ಚಿತ್ರವಿದ್ದದ್ದು, ಇಬ್ಬರು ಶ್ರೀರಾಮರು ಹಿಡಿಸುವಷ್ಟು ಅಗಲದ್ದು. ತಲೆಗೆ ಟೋಪಿ ಕಡ್ಡಾಯವಂತೆ. ಅದರಲ್ಲೂ ಉಳಿದದ್ದು ಮಕ್ಕಳದ್ದು, ನೆತ್ತಿಯ ಮೇಲೆ ಶಾರ್ಕ್ ಮೀನಿನ ರೆಕ್ಕೆ ನೆಟ್ಟಗೆ ನಿಂತದ್ದು. ಹೀಗೆ ಒಂದು ಕೈಯಲ್ಲಿ ಚಡ್ಡಿಯ ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಟೋಪಿಯ ಬಿಗಿಗೆ ಹಣೆಯ ಚರ್ಮ ಹಿಂದಕ್ಕೆಳೆದು ಹುಬ್ಬೇರಿಸಿದಂತಿದ್ದ ಮುಖದಲ್ಲಿ ಶ್ರೀರಾಮ ಕೊಳಕ್ಕೆ ಬಂದ.

ಹನ್ನೆರಡು ಮಂದಿ ಐರಿಷ್ ಅಜ್ಜಿಯರು ಹಾಡಿನ ತಾಳಕ್ಕೆ ನೀರಲ್ಲಿ ಕುಪ್ಪಳಿಸುತ್ತಿದ್ದರು. ಅವನನ್ನು ಕಂಡ ಕೂಡಲೇ ಹಾಡು ಬಿಟ್ಟು ಉಳಿದದ್ದೆಲ್ಲ ನಿಂತಿತು.

"ಬಾ ಮಗನೇ, ಕಚ್ಚೋದಿಲ್ಲ ನಾವು!" ಎಂದು ಒಬ್ಬಳು ಇಂಗ್ಲಿಷಿನಲ್ಲಿ ಕೂಗಿದಳು. "ಅವನು ಕಚ್ಚಬಹುದು, ಟೋಪಿ ನೋಡು!" ಎಂದಳು ಇನ್ನೊಬ್ಬಳು.

ಶ್ರೀರಾಮ ಮೆಟ್ಟಿಲ ಮೇಲೆ ಮೊದಲ ಹೆಜ್ಜೆ ಇಟ್ಟ. ಆಗ ಆ ಗುಂಪಿನ ಮಧ್ಯದಿಂದ ಅಚ್ಚ ಕನ್ನಡ ಕೇಳಿಸಿತು.

"ಅಯ್ಯೋ! ಯಾರೋ ಅದು? ನಮ್ಮ ಶ್ರೀರಾಮ ಅಲ್ವೇನೋ?"

ಸಾವಿತ್ರಮ್ಮ! ಅವನ ಮನೆಯಿಂದ ಮೂರನೇ ಮನೆಯ ಶರ್ಮಿಳಾಳ ತಾಯಿ. ಮಗಳ ಮನೆಗೆಂದು ಮೂರು ತಿಂಗಳಿಗೆ ಬಂದವರು, ಒಂದೇ ತಿಂಗಳಲ್ಲಿ ಆ ಬೀದಿಯ ಎಲ್ಲರ ಮನೆಯ ಫ್ರಿಜ್ಜಿನಲ್ಲೇನಿದೆ ಎಂದು ತಿಳಿದುಕೊಂಡವರು. ಮಂಡಿ ನೋವಿಗೆ ಒಳ್ಳೆಯದೆಂದು ಮಗಳು ವಾರಕ್ಕೊಮ್ಮೆ ಇಲ್ಲಿಗೆ ಕರೆತರುತ್ತಿದ್ದಳು. ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ಕರಿಯ ಉಡುಪಿನಲ್ಲಿ ಅರವತ್ತೆಂಟರ ಸಾವಿತ್ರಮ್ಮ ನೀರನ್ನು ಸೀಳಿಕೊಂಡು ಸರಾಗವಾಗಿ ಅವನ ಹತ್ತಿರ ಬಂದರು.

"ಮೆಲ್ಲಗೆ ಮಾತಾಡಿ ಅಮ್ಮ," ಎಂದು ಶ್ರೀರಾಮ ಬೇಡಿಕೊಂಡ.

"ಯಾಕೋ? ಇಲ್ಲಿ ಯಾರಿಗೆ ಕನ್ನಡ ಬರತ್ತೆ? ಕಾವೇರಿ ಈಜಿದೋನು ಈ ತೊಟ್ಟೀಲಿ ಏನ್ ಮಾಡ್ತಿದ್ದೀಯಾ? ಅದೂ ಮೆಟ್ಲು ಹಿಡ್ಕೊಂಡು?"

ಶ್ರೀರಾಮನ ಕಣ್ಣಲ್ಲಿ ನೀರು ಬಂತು. ಕೊಳದ ಕ್ಲೋರಿನ್ನಿಗೋ ಬೇರೆ ಕಾರಣಕ್ಕೋ ಹೇಳುವುದು ಕಷ್ಟ. ಕೇಸರಿಬಾತ್‌ನಿಂದ ಹಿಡಿದು ಮೊಸಳೆಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟ.

ಸಾವಿತ್ರಮ್ಮ ನಗಲಿಲ್ಲ. "ಅಯ್ಯೋ ಮಗುವೇ," ಎಂದರು. "ಇಷ್ಟು ವರ್ಷ ಇದನ್ನ ಹೊತ್ಕೊಂಡು ತಿರುಗಿದ್ಯಾ? ಹೋಗ್ಲಿ ಬಿಡು. ನಿನ್ನ ಗುಟ್ಟು ನನ್ನ ಹೊಟ್ಟೇಲಿರತ್ತೆ. ನಾನು ಮೇಲುಕೋಟೆ ಕಲ್ಯಾಣೀಲಿ ಸೋರೆ ಬುರುಡೆ ಕಟ್ಕೊಂಡು ಕಲ್ತೋಳು. ನಮ್ಮಜ್ಜಿ ನಂಗೆ ಕಲಿಸಿದ್ಹಾಗೇ ನಿಂಗೆ ಕಲಿಸ್ತೀನಿ. ಚಡ್ಡಿ ಬಿಡು ಮೊದ್ಲು."

"ಬಿಟ್ರೆ ಉದುರತ್ತೆ ಅಮ್ಮ."

ಸಾವಿತ್ರಮ್ಮ ಚಡ್ಡಿಯ ಲಾಡಿಯನ್ನು ಮೂಟೆ ಕಟ್ಟುವ ಹಾಗೆ ಎರಡು ಗಂಟು ಬಿಗಿದರು. ಶ್ರೀರಾಮನ ಉಸಿರು ಅರ್ಧಕ್ಕೆ ನಿಂತಿತು.

"ಈಗ ಅಂಗಾತ ಮಲ್ಕೋ. ನನ್ನ ಕೈ ನಿನ್ನ ಬೆನ್ನ ಕೆಳಗಿರತ್ತೆ. ನೀರನ್ನ ಹೊಡೀಬೇಡ ಕಣೋ! ಅದೇನು ನಿನ್ನ ಮೇಲೆ ಕೇಸು ಹಾಕಿದ್ಯಾ? ಸುಮ್ನೆ ಮಲ್ಕೋ. ಮನೇಲಿ ಸೋಫಾ ಮೇಲೆ ಮಲಗಲ್ವಾ, ಹಂಗೆ."

ಸೋಫಾದ ಮೇಲೆ ಮಲಗುವುದರಲ್ಲಿ ಶ್ರೀರಾಮನಿಗೆ ನಿಜವಾದ ಅನುಭವವಿತ್ತು. ಐದು ಸಲ ಮುಳುಗಿ, ಅರ್ಧ ಲೀಟರ್ ನೀರು ಕುಡಿದು, ಆರನೇ ಸಲ ಅವನು ಸುಮ್ಮನೆ ಮಲಗಿದ. ಕಿವಿಯೊಳಗೆ ನೀರು ತುಂಬಿ ಲೋಕದ ಸದ್ದೆಲ್ಲ ಅಡಗಿತು. ಚಾವಣಿಯ ದೀಪಗಳು ಮೇಲೆ ಮೆಲ್ಲಗೆ ಸರಿದವು. ಬೆನ್ನ ಕೆಳಗಿನ ಕೈ ಯಾವಾಗಲೋ ಇಲ್ಲವಾಗಿತ್ತು. ಶ್ರೀರಾಮ ತೇಲುತ್ತಿದ್ದ!

ನಲವತ್ತೊಂದು ವರ್ಷದ ಬಾಳಿನಲ್ಲಿ ಅವನಿಗೆ ಅಷ್ಟು ಹಗುರ ಎನಿಸಿದ್ದೇ ಇಲ್ಲ. ಇದೇನು ಇಷ್ಟು ಸುಲಭವೇ, ಇದಕ್ಕಾಗಿ ನಾನು ಅಷ್ಟು ವರ್ಷ ಹೆದರಿದೆನೇ ಎಂದುಕೊಂಡ. ತನ್ವಿಗೆ ನಿಜ ಹೇಳಿಬಿಡಬೇಕು ಎನಿಸಿತು. 'ನಂಗೆ ಬರ್ತಿರ್ಲಿಲ್ಲ ಪುಟ್ಟೀ, ಈಗ ತೇಲಕ್ಕೆ ಬರತ್ತೆ, ಮುಂದಿನದು ನೀನೇ ಕಲಿಸು' ಎಂದರೆ ಅವಳು ಬೇಡ ಎಂದಾಳೆಯೇ? ಮಗಳ ಪುಟ್ಟ ಕೈ ಹಿಡಿದು ಬೆಚ್ಚನೆಯ ನೀರಿನಲ್ಲಿ ಕಾಲು ಬಡಿಯುವುದನ್ನು ನೆನೆದು ಅವನು ಕಣ್ಣು ಮುಚ್ಚಿ ನಕ್ಕ.

ತೇಲುವವನು ಒಂದೇ ಕಡೆ ನಿಂತಿರುವುದಿಲ್ಲ ಎನ್ನುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹನ್ನೆರಡು ಅಜ್ಜಿಯರು ಒಟ್ಟಿಗೆ ಕುಪ್ಪಳಿಸಿದಾಗ ಎದ್ದ ಅಲೆಗಳು ಅವನನ್ನು ನಿಧಾನವಾಗಿ ಆಳದ ಕಡೆಗೆ ನೂಕಿದ್ದವು. ಕಣ್ಣು ಬಿಟ್ಟ ಶ್ರೀರಾಮ ಎದ್ದು ನಿಲ್ಲಲು ಕಾಲು ಇಳಿಬಿಟ್ಟ. ಕಾಲು ಇಳಿಯುತ್ತಲೇ ಹೋಯಿತು. ನೆಲ ಸಿಗಲಿಲ್ಲ.

ಆಮೇಲಿನದೆಲ್ಲ ಗಲಿಬಿಲಿ. ಶಾರ್ಕ್ ರೆಕ್ಕೆ ಒಮ್ಮೆ ಮುಳುಗಿತು, ಒಮ್ಮೆ ಎದ್ದಿತು. ಅಜ್ಜಿಯರು ಕಿರುಚಿದರು. ಕೊಳದ ಕಾವಲಿನ ಹುಡುಗಿ ಸೀಟಿ ಊದಿದಳು, ಕೆಂಪು ಟ್ಯೂಬೊಂದನ್ನು ಎಸೆದಳು. ಅದು ಶ್ರೀರಾಮನ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಸಾವಿತ್ರಮ್ಮ ನಾಲ್ಕೇ ಬೀಸಿಗೆ ಅಲ್ಲಿಗೆ ಬಂದು ಅವನ ಕುತ್ತಿಗೆಗೆ ಕೈ ಹಾಕಿದರು. ಮುಳುಗುವವನು ಸಿಕ್ಕಿದ್ದನ್ನು ತಬ್ಬಿಕೊಳ್ಳುತ್ತಾನೆ. ಶ್ರೀರಾಮ ಸಾವಿತ್ರಮ್ಮನನ್ನೇ ತಬ್ಬಿಕೊಂಡು, ಕಾಲಿನಿಂದ ಅವರ ಬಾಯಿಗೆ ಒಂದು ಬಕೆಟ್ಟಿನಷ್ಟು ನೀರು ಹಾರಿಸಿದ. ಸುತ್ತಿ, ಉರುಳಿ, ಕೊನೆಗೆ ಹೇಗೋ ಇಬ್ಬರೂ ಮೆಟ್ಟಿಲಿಗೆ ಬಂದು ಬಿದ್ದರು. ನೀರು ಗಂಟಲಿಗೆ ಸಿಕ್ಕಿ ಸಾವಿತ್ರಮ್ಮ ಕೆಮ್ಮುತ್ತಿದ್ದರು. ಶ್ರೀರಾಮ ಗಾಬರಿಯಿಂದ ಅವರ ಬೆನ್ನು ತಟ್ಟುತ್ತಿದ್ದ.

ಅಷ್ಟರಲ್ಲಿ ಮಹಡಿ ಇಳಿದು, ಬಾಗಿಲು ತಳ್ಳಿಕೊಂಡು ಶರ್ಮಿಳಾ ಓಡಿಬಂದಳು. ಮೇಲಿನ ಕಾಫಿ ಅಂಗಡಿಯ ಗಾಜಿನ ಹಿಂದೆ, 'ಫೋಟೋ ತೆಗೆಯಬಾರದು' ಎಂಬ ಫಲಕಕ್ಕೆ ಮೊಣಕೈ ಊರಿಕೊಂಡು, ಅವಳು ತಾಯಿಯ ವ್ಯಾಯಾಮವನ್ನು ಅಣ್ಣನಿಗೆ ಕಳಿಸಲೆಂದು ವಿಡಿಯೋ ಮಾಡುತ್ತಿದ್ದಳು.

"ಅಮ್ಮಾ! ಏನಾಯ್ತಮ್ಮಾ? ಯಾರು ಮುಳುಗಿದ್ದು?"

ಸಾವಿತ್ರಮ್ಮ ಶ್ರೀರಾಮನ ಮುಖ ನೋಡಿದರು. ಒದ್ದೆ ಬೆಕ್ಕಿನ ಮರಿಯಂತಿದ್ದ ಆ ಮುಖ ನೋಡಿ ಅವರ ಕರುಳು ಚುರ್ರೆಂದಿತು. ಮಾತು ಕೊಟ್ಟಿದ್ದರಲ್ಲವೇ, ಗುಟ್ಟು ಹೊಟ್ಟೆಯಲ್ಲಿರುತ್ತದೆಂದು.

"ನಾನೇ ಕಣೆ," ಎಂದರು. "ಗೊತ್ತಾಗ್ದೆ ಆಳಕ್ಕೆ ಹೋಗ್ಬಿಟ್ಟೆ. ಈ ಪುಣ್ಯಾತ್ಮ ಇಲ್ದಿದ್ರೆ ನಿಮ್ಮಮ್ಮ ಇವತ್ತು ಇರ್ತಿರ್ಲಿಲ್ಲ."

"ಅಲ್ಲ…" ಎಂದು ಶ್ರೀರಾಮ ಬಾಯಿ ತೆರೆದ. ಬಾಯಿಂದ ಬಂದದ್ದು ನೀರು.

ಕಾವಲಿನ ಹುಡುಗಿ ಕಾಗದ ಪೆನ್ನು ಹಿಡಿದು ಬಂದಳು. ಸಾವಿತ್ರಮ್ಮ ಅವಳಿಗೂ ತಮಗೆ ಬರುವ ಇಂಗ್ಲಿಷಿನಲ್ಲಿ, "ಮಿ ಡ್ರೌನ್, ಹಿ ಸೇವ್," ಎಂದು ಎದೆ ಮುಟ್ಟಿಕೊಂಡು ವಿವರಿಸಿದರು. ಹುಡುಗಿ ಶಾರ್ಕ್ ಟೋಪಿಯನ್ನು ಒಂದು ಸಲ, ಅಜ್ಜಿಯನ್ನು ಒಂದು ಸಲ ನೋಡಿ, ಅನುಮಾನದಲ್ಲೇ ಬರೆದುಕೊಂಡಳು. ಹನ್ನೆರಡು ಐರಿಷ್ ಅಜ್ಜಿಯರು ಸರದಿಯ ಮೇಲೆ ಶ್ರೀರಾಮನ ಕೆನ್ನೆಗೆ ಮುತ್ತು ಕೊಟ್ಟರು.

*

ಬಟ್ಟೆ ಹಾಕಿಕೊಂಡು ಕಾರಿಗೆ ಬರುವಷ್ಟರಲ್ಲಿ ಊರ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋ ಬಿದ್ದಿತ್ತು. ಗಾಜಿನ ಆಚೆಯಿಂದ ತೆಗೆದದ್ದಾದ್ದರಿಂದ ಮಾತಿಲ್ಲ. ಎರಡು ತಲೆ, ಬಿಳಿ ನೊರೆ, ಯಾರು ಯಾರನ್ನು ಎಳೆದರೆಂದು ದೇವರಿಗೂ ಗೊತ್ತಾಗದು. ಕೊನೆಯಲ್ಲಿ ಮಾತ್ರ ಸ್ಪಷ್ಟವಾಗಿ ಶ್ರೀರಾಮ ಕೆಮ್ಮುವ ಮುದುಕಿಯ ಬೆನ್ನು ತಟ್ಟುತ್ತಿದ್ದಾನೆ. ಕೆಳಗೆ ಶರ್ಮಿಳಾ ಬರೆದಿದ್ದಳು: 'ನಮ್ಮಮ್ಮನ ಜೀವ ಉಳಿಸಿದ ಶ್ರೀರಾಮ್ ಅವರಿಗೆ ಕೋಟಿ ನಮನ.' ಅದರ ಕೆಳಗೆ ಎಪ್ಪತ್ತು ಜೊತೆ ಮುಗಿದ ಕೈಗಳು.

ಭೀಮಪ್ಪನ ಸಂದೇಶ ಬೇರೆಯೇ ಬಂತು: 'ನೋಡ್ದಾ? ಒಂದೇ ಕ್ಲಾಸಿಗೆ!!' ಅದಾದ ಐದು ನಿಮಿಷಕ್ಕೆ ನಿಯಾವ್‌ಳದು. ಭೀಮಪ್ಪ ವಿಡಿಯೋವನ್ನು ಅವಳಿಗೂ ತೋರಿಸಿದ್ದ. ಅಷ್ಟು ಬೆನ್ನು ನೋವಿನಲ್ಲೂ ನೀನು ಮಾಡಿದ ಕೆಲಸ ನೋಡಿ ಕಣ್ಣು ತುಂಬಿತು, ರಜೆ ಮುಗಿಸಿ ಬಂದ ಮೇಲೆ ನಮ್ಮ ಮಹಡಿಯ ಸುರಕ್ಷತಾ ಸಮಿತಿಗೆ ನೀನೇ ಮುಖ್ಯಸ್ಥ ಎಂದು ಬರೆದಿದ್ದಳು.

ಶ್ರೀರಾಮ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟ. ಏನೇ ಆಗಲಿ, ತನ್ವಿಗೆ ಮಾತ್ರ ನಿಜ ಹೇಳಲೇಬೇಕು. ಊರಿನವರು ಏನಾದರೂ ಅಂದುಕೊಳ್ಳಲಿ. ಭಾನುವಾರ ನೀರಿಗಿಳಿಯಬೇಕಾದವಳು ಮಗಳು. ಅಪ್ಪ ಜೊತೆಗಿದ್ದಾನೆಂದು ನಂಬಿ ಇಳಿಯುವವಳು. ಆ ನಂಬಿಕೆಯ ಮುಂದೆ ಸುಳ್ಳನ್ನಿಟ್ಟುಕೊಂಡು ಹೋಗುವುದು ತನ್ನಿಂದಾಗದು.

ಮನೆಗೆ ಬಂದರೆ ಬಾಗಿಲ ಮುಂದೆ ಆರು ಜೊತೆ ಹೊರಗಿನವರ ಚಪ್ಪಲಿ. ಒಳಗೆ ಬೀದಿಯ ಕನ್ನಡಿಗರೆಲ್ಲ ಸೇರಿದ್ದರು. ಕಟ್ಟಿಟ್ಟ ಸೂಟ್‌ಕೇಸುಗಳ ಮೇಲೆ ಕೆಲವರು ಕೂತಿದ್ದರು. ಅಡುಗೆಮನೆಯಿಂದ ಬೋಂಡಾ ಕರಿಯುವ ವಾಸನೆ ಬರುತ್ತಿತ್ತು. ಶ್ರೀರಾಮ ಯಾರಿಗೂ ಸಿಗದೆ, ತನ್ವಿಯ ಕೈ ಹಿಡಿದು ನೇರ ಹಿತ್ತಲಿಗೆ ಕರೆದುಕೊಂಡು ಹೋದ. ಹುಲ್ಲಿನ ಮೇಲೆ ಮಂಡಿಯೂರಿ ಕೂತ.

"ಪುಟ್ಟೀ, ಒಂದು ಮಾತು ಹೇಳ್ಬೇಕು. ನಗ್ಬಾರ್ದು, ಅಳ್ಬಾರ್ದು."

"ಓಕೆ."

"ಅಪ್ಪಂಗೆ ಈಜು ಬರಲ್ಲ."

ತನ್ವಿ ಅವನನ್ನೇ ನೋಡಿದಳು. ಶ್ರೀರಾಮ ನಿಲ್ಲಿಸಲಿಲ್ಲ. ಕಾವೇರಿ ದಾಟಿಲ್ಲ ಎಂದ, ಮೊಸಳೆ ಇರಲಿಲ್ಲ ಎಂದ, ಇವತ್ತು ಮುಳುಗಿದ್ದು ಅಜ್ಜಿಯಲ್ಲ ತಾನು ಎಂದ. ಹೇಳುತ್ತಾ ಹೇಳುತ್ತಾ ಎದೆಯ ಮೇಲಿನ ಗುಂಡುಕಲ್ಲು ಇಳಿದಂತಾಯಿತು. "ನಂಗೆ ತೇಲಕ್ಕೆ ಮಾತ್ರ ಬರತ್ತೆ. ಉಳಿದದ್ದು ನೀನು ಹೇಳ್ಕೊಡ್ತೀಯಾ?" ಎಂದು ಮುಗಿಸಿದ.

ತನ್ವಿಯ ಮುಖ ನಿಧಾನವಾಗಿ ಅರಳಿತು. ಅವಳು ಎರಡೂ ಕೈಯಿಂದ ಅಪ್ಪನ ಕೆನ್ನೆ ಹಿಡಿದುಕೊಂಡಳು.

"ಸಾವಿತ್ರಿ ಅಜ್ಜಿ ಫೋನ್ ಮಾಡಿ ಕರೆಕ್ಟಾಗಿ ಇದನ್ನೇ ಹೇಳಿದ್ರು!" ಎಂದಳು.

"ಏನು ಹೇಳಿದ್ರು?" ಎಂದ ಶ್ರೀರಾಮ, ಬದುಕಿದೆ ಎಂದುಕೊಂಡು.

"ನಿಮ್ಮಪ್ಪ ತುಂಬಾ ನಾಚಿಕೆ ಸ್ವಭಾವ, ನಂಗೆ ಈಜೇ ಬರಲ್ಲ ಅಂತ ಹೇಳ್ತಾನೆ ನೋಡು, ನಂಬ್ಬೇಡ ಅಂತ! ಡ್ಯಾಡ್, ಎಷ್ಟು ತಮಾಷೆ ನೀನು!"

"ಇಲ್ಲ ಪುಟ್ಟೀ, ನಿಜವಾಗ್ಲೂ—"

"ಮತ್ತೆ ಹೇಳ್ತಾ ಇದ್ದೀಯಾ!" ತನ್ವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಟೀಚರ್ ಕೂಡ ಅದೇ ಹೇಳೋದು, ನಿಜವಾದ ಧೈರ್ಯವಂತರು ಕೊಚ್ಚಿಕೊಳ್ಳಲ್ಲ ಅಂತ. ಲಿಸನ್, ನಿಂಗೊಂದು ಸರ್‌ಪ್ರೈಸ್. ಆ ಅಪ್ಪ–ಮಗು ಸ್ಪರ್ಧೆ ನಾನು ಕ್ಯಾನ್ಸಲ್ ಮಾಡ್ದೆ. ಅದು ಈಜು ಬರದ ಅಪ್ಪಂದಿರಿಗೆ. ನಿನ್ನ ಹೆಸ್ರು ದೊಡ್ಡವರ ರೇಸಿಗೆ ಹಾಕಿದ್ದೀನಿ. ಸಮುದ್ರದಲ್ಲಿ! ಬಂಡೆ ಸುತ್ತಿ ವಾಪಸ್ ಬರೋದು. ಒಂದೇ ಜಾಗ ಖಾಲಿ ಇತ್ತು. ವಿಡಿಯೋ ಕಳಿಸ್ದೆ, ತಕ್ಷಣ ಒಪ್ಕೊಂಡ್ರು."

ಹೇಳಿದವಳೇ, ಈ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸಲು ಒಳಗೆ ಓಡಿದಳು. ಒಳಗಿನಿಂದ ಜೋರಾಗಿ ಚಪ್ಪಾಳೆ ಕೇಳಿಸಿತು.

ಶ್ರೀರಾಮ ಎದ್ದು ನಿಂತ. ಇನ್ನು ಉಳಿದದ್ದು ಒಂದೇ ದಾರಿ. ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಹೋಗಿ ವಸುಂಧರಾಳ ಮುಂದೆ ನಿಂತ. ಅವಳು ಕೈಯಲ್ಲಿ ಜಾಲರಿ ಹಿಡಿದುಕೊಂಡು ಬಾಣಲೆಯನ್ನೇ ನೋಡುತ್ತಿದ್ದಳು. ಕಣ್ಣು ಕೆಂಪಗಾಗಿತ್ತು.

"ವಸು, ನಿಂಗೊಂದು ವಿಷಯ—"

"ನೀವೇನೂ ಹೇಳ್ಬೇಡಿ. ಮೊದ್ಲು ನಾನು ಹೇಳ್ಬೇಕು," ಎಂದಳು ವಸುಂಧರಾ. "ಹೇಳಕ್ಕೆ ನಾಚಿಕೆ ಆಗತ್ತೆ ರೀ. ನಮ್ಮ ಮದುವೆ ದಿನಾನೇ ನಿಮ್ಮಮ್ಮ ನನ್ನ ಪಕ್ಕಕ್ಕೆ ಕರೆದು ಹೇಳಿದ್ರು, 'ನನ್ನ ಮಗ ಈಜು ಅಂತ ಏನೇನೋ ಬಿಟ್ಟಿದ್ದಾನಂತೆ, ಅವನು ನೀರಿಗೇ ಇಳಿದೋನಲ್ಲಮ್ಮ, ದಡದಲ್ಲಿ ಬೇರೆ ಹುಡುಗ್ರ ಬಟ್ಟೆ ಕಾಯ್ತಿದ್ದ' ಅಂತ. ಹದಿನೈದು ವರ್ಷ ನಾನು ಅದನ್ನೇ ನಂಬಿದ್ದೆ. ನೀವು ಕಾವೇರಿ ಕತೆ ಹೇಳಿದಾಗೆಲ್ಲ ಒಳಗೊಳಗೇ ನಗ್ತಿದ್ದೆ. ಬೆಳಿಗ್ಗೆ ತನ್ವಿ ಟಿಕ್ ಮಾಡ್ದಾಗ್ಲೂ, ಪಾಪ, 'ಕಾಲು ಉಳುಕಿದೆ' ಅಂತ ನಾನೇ ಭಾನುವಾರ ರೆಸಾರ್ಟಿನವರಿಗೆ ಹೇಳಿ ನಿಮ್ಮನ್ನ ತಪ್ಪಿಸ್ಬೇಕು ಅಂತಿದ್ದೆ."

"ಹೇಳು!" ಎಂದ ಶ್ರೀರಾಮ. "ಈಗ್ಲೂ ಅದನ್ನೇ ಹೇಳು! ಅಮ್ಮ ಹೇಳಿದ್ದೇ ನಿಜ!"

ವಸುಂಧರಾ ಸೆರಗಿಲ್ಲದ ಕುರ್ತಾದ ತೋಳಿನಲ್ಲಿ ಕಣ್ಣೊರೆಸಿಕೊಂಡಳು. "ಇಷ್ಟಾದ್ಮೇಲೂ ನಿಮ್ಮಮ್ಮನ ಮಾತು ಸುಳ್ಳಾಗ್ಬಾರ್ದು ಅಂತ ನೋಡ್ತೀರಲ್ಲ! ಎಂಥ ಮನುಷ್ಯನ ಮೇಲೆ ಎಷ್ಟು ವರ್ಷ ಅನುಮಾನ ಪಟ್ಟೆ ನಾನು. ಸಾರಿ ರೀ. ನಿಜವಾಗ್ಲೂ ಸಾರಿ."

ಹದಿನೈದು ವರ್ಷದ ದಾಂಪತ್ಯದಲ್ಲಿ ವಸುಂಧರಾ ಸಾರಿ ಎಂದದ್ದು ಅದೇ ಮೊದಲು. ಶ್ರೀರಾಮ ಬಾಯಿ ತೆರೆದ. ಅವಳ ಒದ್ದೆ ಕಣ್ಣುಗಳನ್ನು ನೋಡಿದ. ಸಿಗದೇ ಸಿಕ್ಕ ಆ ಸಾರಿಯನ್ನು ಅಲ್ಲೇ ಹಿಂದಿರುಗಿಸಿಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಒಂದು ಬೋಂಡಾ ತೆಗೆದುಕೊಂಡು, ಅದನ್ನು ಮುರಿದು, ಊದಿ ಊದಿ ತಿಂದ.

"ಆ ಬಂಡೆ ಸುತ್ತಿ ಬರೋದು," ಎಂದು ಕೊನೆಗೆ ಕೇಳಿದ, "ಒಟ್ಟು ಎಷ್ಟು ದೂರವಂತೆ?"

"ಎಂಟುನೂರು ಮೀಟರ್ ಅಷ್ಟೇ," ಎಂದಳು ವಸುಂಧರಾ ಹೆಮ್ಮೆಯಿಂದ. "ನಿಮಗ್ಯಾವ ಲೆಕ್ಕ!"